ಎಡ ಭುಜ, ಅರ್ಧ ಇಂಚು

“ಅಷ್ಟಕ್ಕೇ ಹೀಗೆ ಕಿರುಚ್ತೀರಲ್ಲ, ನಾನೇನು ನಿಮ್ಮ ಕೈಗೆ ಚುಚ್ಚಿದೆನಾ? ಲೆದರಿಗೆ ತಾನೆ ಚುಚ್ಚಿದ್ದು!”

ಇದು ಅವಳು ನನ್ನೊಡನೆ ಆಡಿದ ಮೊದಲ ಮಾತು. ಅದನ್ನೂ ತುಟಿಗಳ ನಡುವೆ ನಾಲ್ಕು ಗುಂಡುಸೂಜಿ ಕಚ್ಚಿಕೊಂಡೇ ಆಡಿದಳು. ಐದನೆಯದು ನಾನು ಕೊಟ್ಟ ಚರ್ಮದ ತುಂಡಿನ ನಟ್ಟನಡುವೆ ನೆಟ್ಟಗೆ ನಿಂತಿತ್ತು.

“ಬಟ್ಟೆಯಾದರೆ ಪಿನ್ ತೆಗೆದ ಮೇಲೆ ತೂತು ಮುಚ್ಚಿಕೊಳ್ಳುತ್ತೆ ಕಣ್ರೀ. ಲೆದರಲ್ಲಿ ಮುಚ್ಚಿಕೊಳ್ಳಲ್ಲ. ಒಂದ್ಸಲ ಚುಚ್ಚಿದರೆ ಮುಗೀತು, ಅದರ ಆಯುಸ್ಸು ಇರೋವರೆಗೂ ಆ ತೂತು ಇರುತ್ತೆ” ಎಂದೆ.

“ಮತ್ತೆ ಎರಡು ತುಂಡು ಜೋಡಿಸಿ ಹಿಡಿಯೋದು ಹೇಗೆ?”

“ಕ್ಲಿಪ್ ಹಾಕಿ.”

“ಒಗೆದ ಬಟ್ಟೆ ಒಣಗಿಸ್ತಾರಲ್ಲ, ಆ ಕ್ಲಿಪ್ಪಾ?” ಎಂದು ಕೇಳಿ ಪಕ್ಕದವರ ಕಡೆ ತಿರುಗಿ ನಕ್ಕಳು. ಪಕ್ಕದವರೂ ನಕ್ಕರು. ನನ್ನ ವರ್ಕ್‌ಷಾಪಿನಲ್ಲಿ, ನನ್ನ ಮೇಜಿನ ಸುತ್ತ ಕೂತುಕೊಂಡು.

ವಾರದ ಆರು ದಿನ ಬ್ಯಾಗು, ಬೆಲ್ಟು ಮಾಡಿ ಬದುಕುವವನು ನಾನು. ಭಾನುವಾರ ಬೆಳಿಗ್ಗೆ ಹವ್ಯಾಸಿಗಳಿಗೆ ಕ್ಲಾಸು. ಅದು ನನ್ನ ತಲೆಯಲ್ಲಿ ಹುಟ್ಟಿದ ಯೋಚನೆಯಲ್ಲ, ಅಕ್ಕನದು. “ವಾರಕ್ಕೆ ಒಂದು ದಿನವಾದರೂ ಮನುಷ್ಯರ ಹತ್ತಿರ ಮಾತಾಡೋ. ಇಲ್ಲದಿದ್ದರೆ ನಿನ್ನ ಬ್ಯಾಗುಗಳ ಹಾಗೇ ನಿನ್ನ ಬಾಯಿಗೂ ಝಿಪ್ ಬೀಳುತ್ತೆ” ಎಂದು ಅವಳೇ ಬೋರ್ಡು ಬರೆಸಿ, ಅವಳೇ ಜನರನ್ನು ಸೇರಿಸಿದ್ದಳು. ಹತ್ತು ವಾರ, ಹತ್ತು ಕ್ಲಾಸು. ಆ ಸಲ ಸೇರಿದವರು ಮೂವರು. ಒಬ್ಬರು ಹಲ್ಲಿನ ಡಾಕ್ಟರು, ಒಬ್ಬರು ರಿಟೈರಾದ ಬಸ್ ಡ್ರೈವರು, ಮೂರನೆಯವಳು ಎರಡು ಬೀದಿಯಾಚೆ ಟೈಲರಿಂಗ್ ಅಂಗಡಿ ಇಟ್ಟುಕೊಂಡಿದ್ದ ಇವಳು.

ಅವಳಿಗೆ ಅವತ್ತೇ ಮನಸ್ಸಿನಲ್ಲಿ ಹೆಸರಿಟ್ಟೆ: ಗುಂಡುಸೂಜಿ. ಅವಳು ನನ್ನನ್ನು ಮೇಷ್ಟ್ರೇ ಎಂದು ಕರೆದಳು. ಕೇಳಿದವರಿಗೆ ಗೌರವದ ಹಾಗೆ ಕೇಳಿಸಬೇಕು; ನನಗೆ ಮಾತ್ರ ಚುಚ್ಚಬೇಕು. ಹಾಗೆ ಹೇಳುವುದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಇನ್ನು ಅವಳ ನೋಟ. ನಾನು ನಿಂತು ಪಾಠ ಹೇಳುತ್ತಿದ್ದರೆ ಅವಳ ಕಣ್ಣು ನನ್ನ ಕೈಯ ಮೇಲೆ ಇರುತ್ತಿರಲಿಲ್ಲ. ಮೊದಲು ನನ್ನ ಎಡ ಭುಜಕ್ಕೆ ಬರುತ್ತಿತ್ತು. ಅಲ್ಲಿಂದ ನಿಧಾನವಾಗಿ ಬಲ ಭುಜಕ್ಕೆ ಹೋಗುತ್ತಿತ್ತು. ಮತ್ತೆ ಎಡಕ್ಕೆ ಬಂದು ನಿಲ್ಲುತ್ತಿತ್ತು. ಕೊನೆಗೆ ಒಂದು ಹುಬ್ಬು ಮೇಲೇರುತ್ತಿತ್ತು, ಮಾರ್ಕೆಟ್ಟಿನಲ್ಲಿ ಬದನೆಕಾಯಿಯನ್ನು ತಿರುಗಿಸಿ ನೋಡಿ ವಾಪಸ್ಸು ಬುಟ್ಟಿಗೆ ಹಾಕುವವರ ಹಾಗೆ.

“ಏನು ನೋಡ್ತಿದ್ದೀರಿ?”

“ನಿಮ್ಮ ಏಪ್ರನ್ ಜಾರ್ತಿದೆ, ಮೇಷ್ಟ್ರೇ.”

ನನ್ನ ಏಪ್ರನ್ನಿನ ಎಡಪಟ್ಟಿ ಯಾವಾಗಲೂ ಜಾರುತ್ತಿತ್ತು. ಜಾರಿದಾಗೆಲ್ಲ ಭುಜ ಕುಲುಕಿ ಮೇಲಕ್ಕೆ ಏರಿಸುತ್ತಿದ್ದೆ. ಹದಿನೈದು ವರ್ಷದಿಂದ ಹಾಗೇ ನಡೆದಿತ್ತು. ಅವಳು ಹೇಳುವ ತನಕ ಅದು ನನಗೇ ಗೊತ್ತಿರಲಿಲ್ಲ. ಹೇಳಿದ ಮೇಲೆ ಪ್ರತಿ ಸಲ ಗೊತ್ತಾಗತೊಡಗಿತು. ಅದಕ್ಕೂ ಅವಳ ಮೇಲೇ ಕೋಪ ಬಂತು.

ಮೂರನೆಯ ವಾರ ಹೊಲಿಗೆಯ ಪಾಠ. ನಮ್ಮ ಹೊಲಿಗೆಗೆ ಒಂದೇ ದಾರ, ಅದರ ಎರಡು ತುದಿಗೆ ಎರಡು ಸೂಜಿ. ಪ್ರತಿ ತೂತಿನಲ್ಲೂ ಎರಡು ಸೂಜಿಗಳೂ ಎದುರುಬದುರಾಗಿ ಹಾದುಹೋಗಬೇಕು, ಆಮೇಲೆ ಎರಡು ಕೈಯಿಂದಲೂ ಒಂದೇ ಸಮ ಎಳೆಯಬೇಕು.

“ಹದಿನೆಂಟು ವರ್ಷದಿಂದ ಹೊಲೀತಿದ್ದೀನಿ. ನನಗೆ ಸೂಜಿ ಹಿಡಿಯೋದು ಹೇಳಿಕೊಡ್ತೀರಾ?”

“ಮೆಷಿನ್ನು ಹೊಲಿದಿದೆ, ನೀವು ಪೆಡಲ್ ತುಳಿದಿದ್ದೀರಿ. ಈಗ ಎಳೀರಿ. ಅಯ್ಯೋ, ಎಮ್ಮೆ ಹಗ್ಗ ಎಳೆದ ಹಾಗೆ ಎಳೀಬೇಡಿ!”

“ಎಮ್ಮೆ ಅಂದಿರಾ?”

“ಹಗ್ಗ ಅಂದೆ.”

“ಎಮ್ಮೆನೂ ಅಂದಿರಿ. ಡಾಕ್ಟ್ರೇ, ನೀವು ಕೇಳಿಸಿಕೊಂಡಿರಿ ತಾನೆ?”

ಡಾಕ್ಟರು ನಮ್ಮಿಬ್ಬರ ಮುಖವನ್ನೂ ನೋಡಿ, “ನನ್ನ ಕೆಲಸ ಬಾಯಿ ಒಳಗೆ ನೋಡೋದು, ಹೊರಗೆ ಬಂದಿದ್ದನ್ನ ಕೇಳೋದಲ್ಲ” ಎಂದು ತಾವು ಹೊಲಿಯುತ್ತಿದ್ದ ಪರ್ಸಿಗೆ ತಲೆ ಬಗ್ಗಿಸಿದರು. ಡ್ರೈವರು ಮಾತ್ರ ಬೆಲ್ಟು ಕೆಳಗಿಟ್ಟು, ಸಿನಿಮಾ ನೋಡುವವರ ಹಾಗೆ ಕೈಕಟ್ಟಿ ಕೂತರು.

ಐದನೆಯ ವಾರಕ್ಕೆ ಅವಳ ಹೊಲಿಗೆ ನನ್ನದಕ್ಕಿಂತ ಚೆನ್ನಾಗಿತ್ತು. ಹೇಳಲಿಕ್ಕೆ ಹೊಟ್ಟೆಯುರಿಯುತ್ತದೆ, ಆದರೂ ಹೇಳುತ್ತೇನೆ. ಡಾಕ್ಟರು ಕನ್ನಡಕ ಏರಿಸಿ, “ಇಷ್ಟು ಒಪ್ಪವಾದ ಸಾಲು ನಾನು ಯಾರ ಬಾಯಲ್ಲೂ ನೋಡಿಲ್ಲ” ಎಂದುಬಿಟ್ಟರು. ನಾನು ತಪ್ಪು ಹುಡುಕಿದೆ. ಸಿಕ್ಕಿತು. ಒಂದು ಕಡೆ ಅವಳು ಮನಸ್ಸಿಗೆ ಬಾರದ ನಾಲ್ಕು ಹೊಲಿಗೆ ಬಿಚ್ಚಿ ಮತ್ತೆ ಹಾಕಿದ್ದಳು. ಹಳೆಯ ತೂತುಗಳು ಪಕ್ಕದಲ್ಲೇ ಕಾಣುತ್ತಿದ್ದವು.

“ಬಿಚ್ಚಬಾರದು ಅಂತ ಎಷ್ಟು ಸಲ ಹೇಳಬೇಕ್ರೀ? ನೋಡಿ ಇಲ್ಲಿ, ಸಿಡುಬು ಬಂದ ಮುಖದ ಹಾಗಿದೆ!”

ಅವಳು ಎದುರುತ್ತರ ಕೊಡುತ್ತಾಳೆಂದು ತಯಾರಾಗಿದ್ದೆ. ಕೊಡಲಿಲ್ಲ. ಸೂಜಿಯನ್ನು ಮೇಣದುಂಡೆಗೆ ಸಿಕ್ಕಿಸಿ ಮೆಲ್ಲಗೆ ಹೇಳಿದಳು:

“ಅಂಗಡಿಯಲ್ಲಿ ನಾನು ಒಂದು ಗುಂಡಿ ಆಚೆ ಈಚೆ ಹಾಕಿದರೂ ಜನ ಕೂಗಾಡ್ತಾರೆ, ಮೇಷ್ಟ್ರೇ. ಅದು ಅವರ ಬಟ್ಟೆ, ಅವರ ಮದುವೆ, ಅವರ ಇಂಟರ್‌ವ್ಯೂ. ಕೂಗಲಿ. ತಪ್ಪು ಮಾಡಿದರೂ ಪರವಾಗಿಲ್ಲ ಅನ್ನೋ ಜಾಗ ಒಂದು ಬೇಕಿತ್ತು ನನಗೆ. ಅದಕ್ಕೇ ಈ ಕ್ಲಾಸಿಗೆ ಬಂದೆ.” ಆಮೇಲೆ ಸುತ್ತ ನೋಡಿ, “ಜಾಗ ಹುಡುಕಿದ್ದೇ ತಪ್ಪಾಯ್ತು ಅನ್ಸುತ್ತೆ” ಎಂದಳು.

ಏನಾದರೂ ಹೇಳಬೇಕಿತ್ತು. ನಾನು ಹೇಳಿದ್ದು: “ಮುಂದಿನ ವಾರ ಅಂಚು ಉಜ್ಜೋ ಪಾಠ. ಹಳೇ ಬಟ್ಟೆ ಹಾಕ್ಕೊಂಡು ಬನ್ನಿ.”

ಮುಂದಿನ ವಾರ ಬರುತ್ತಾಳೋ ಇಲ್ಲವೋ ಎಂದು ಶನಿವಾರ ಎರಡು ಸಲ ಕ್ಯಾಲೆಂಡರ್ ನೋಡಿದೆ. ಬಂದಳು. ನಾನು ಬಾಗಿಲ ಕಡೆ ನೋಡುತ್ತಿರಲಿಲ್ಲ ಎಂದು ತೋರಿಸಿಕೊಳ್ಳಲು ಗೋಡೆಯ ಕಡೆ ನೋಡುತ್ತಾ ಸುತ್ತಿಗೆಯಿಂದ ಹೆಬ್ಬೆರಳಿಗೆ ಹೊಡೆದುಕೊಂಡೆ.

“ತೂತು ಬಿತ್ತಾ?” ಎಂದು ಕೇಳಿದಳು.

ಇಲ್ಲಿ ಅಪ್ಪನ ಚರ್ಮದ ವಿಷಯ ಹೇಳಬೇಕು. ಈ ವರ್ಕ್‌ಷಾಪು ಅಪ್ಪನದು. ಅವರು ತಮ್ಮ ಕೈಯಾರೆ ಹದ ಮಾಡಿದ ಕೊನೆಯ ಚರ್ಮ, ತೆಳ್ಳಗಿನದು, ಒಣಗಿದ ಖರ್ಜೂರದ ಬಣ್ಣದ್ದು, ಎಂಟು ವರ್ಷದಿಂದ ಗೆರೆಗೆರೆಯ ಬೆಡ್‌ಶೀಟಿನಲ್ಲಿ ಸುತ್ತಿಕೊಂಡು ಅಲ್ಮೇರಾದ ಮೇಲಿತ್ತು. ಅದಕ್ಕೆ ತಕ್ಕ ಕೆಲಸ ಬಂದಾಗ ಕತ್ತರಿ ಹಾಕುತ್ತೇನೆ ಎಂದುಕೊಂಡಿದ್ದೆ. ಒಳ್ಳೊಳ್ಳೆಯ ಆರ್ಡರು ಬಂದವು, ಹೋದವು. ಯಾವುದೂ ತಕ್ಕದ್ದೆನಿಸಲಿಲ್ಲ. ಅಕ್ಕ ಧೂಳು ಹೊಡೆಯುವಾಗಲೆಲ್ಲ ಕೇಳುತ್ತಿದ್ದಳು, “ಲೋ, ಇದನ್ನ ಕತ್ತರಿಸ್ತೀಯೋ ಇಲ್ಲ ಪೂಜೆ ಮಾಡ್ತೀಯೋ?” ಕೆಳಗಿಳಿಸಲಿಕ್ಕೂ ನಾನು ಬಿಡುತ್ತಿರಲಿಲ್ಲ.

ಒಂಬತ್ತನೆಯ ಭಾನುವಾರ ಒಂದು ಬ್ಯಾಗು ತಲುಪಿಸಲು ಹೋಗಿದ್ದೆ, ಬರುವಾಗ ತಡವಾಯಿತು. ಬಾಗಿಲು ತೆರೆದಿತ್ತು. ದೊಡ್ಡ ಮೇಜಿನ ಮೇಲೆ ಅಪ್ಪನ ಚರ್ಮ ಉದ್ದಕ್ಕೆ ಹಾಸಿತ್ತು. ಅದರ ಮೇಲೆ ಕಂದು ಕಾಗದದ ನಮೂನೆ. ನಮೂನೆಯ ಸುತ್ತ, ಒಂದರ ಪಕ್ಕ ಒಂದು, ಗುಂಡುಸೂಜಿಗಳು. ಅವಳು ಬಗ್ಗಿ ಕೊನೆಯ ಸೂಜಿ ಚುಚ್ಚುತ್ತಿದ್ದಳು.

ನಾನು ಏನೇನು ಕೂಗಿದೆ ಎಂದು ಪೂರ್ತಿ ಬರೆಯುವುದಿಲ್ಲ. ಅಷ್ಟೊತ್ತಿಗೆ ಬಂದಿದ್ದ ಡಾಕ್ಟರೂ ಡ್ರೈವರೂ ಬಾಗಿಲಲ್ಲೇ ನಿಂತುಬಿಟ್ಟರು. ಮೊದಲ ದಿನವೇ ಹೇಳಿದ್ದೆ ಎಂದೆ. ತಲೆಯಲ್ಲಿ ಏನಿದೆ ಎಂದೆ. ಬಟ್ಟೆ ಹೊಲಿಯುವವರಿಗೆ ಚರ್ಮದ ಬೆಲೆ ಏನು ಗೊತ್ತು ಎಂದೆ. ಕೊನೆಗೆ, “ಹೊರಗೆ ಹೋಗಿ. ಇನ್ನು ಇಲ್ಲಿಗೆ ಬರಬೇಡಿ” ಎಂದೆ.

ಅವಳ ಮುಖ ಬಿಳಿಚಿಕೊಂಡಿತು. ಆದರೆ ಓಡಿಹೋಗಲಿಲ್ಲ. ಮೇಜಿನ ಸುತ್ತ ನಡೆಯುತ್ತಾ ಒಂದೊಂದೇ ಸೂಜಿಯನ್ನು ಕಿತ್ತು, ಮಣಿಕಟ್ಟಿಗೆ ಕಟ್ಟಿದ್ದ ಪುಟ್ಟ ದಿಂಬಿಗೆ ಚುಚ್ಚಿಕೊಂಡಳು. ನಲವತ್ತೆರಡು. ನಾನು ಎಣಿಸಿದೆ.

“ಇದು ಮಡಿಕೆಯಲ್ಲಿ ಬಿರುಕು ಬಿಟ್ಟಿದೆ, ಮೂರು ಕಡೆ” ಎಂದಳು, ನನ್ನ ಕಡೆ ನೋಡದೆ. “ನನ್ನ ಸೂಜಿ ಬರೋದಕ್ಕಿಂತ ಮುಂಚೆಯೇ. ಸುತ್ತಿಟ್ಟು ಸುತ್ತಿಟ್ಟು ನೀವೇ ಒಣಗಿಸಿದ್ದೀರಿ.”

ಬ್ಯಾಗು ತೆಗೆದುಕೊಂಡು ಹೊರಟಳು. ಕಾಗದ ಅಲ್ಲೇ ಉಳಿಯಿತು.

ಒಳಗಿನ ಕೋಣೆಯಿಂದ ಅಕ್ಕ ಬಂದಳು. ಕೈಯಲ್ಲಿ ಟೀ ಟ್ರೇ. ಟ್ರೇಯನ್ನು ನನ್ನ ಮುಂದೆ ಕುಕ್ಕಿದಳು.

“ಮುಗೀತಾ ನಿನ್ನ ಕಿರುಚಾಟ? ಆ ಲೆದರ್ ಇಳಿಸಿ ಕೊಟ್ಟಿದ್ದು ನಾನು.”

“ನೀನಾ? ಅವಳು ಹೇಳಲೇ ಇಲ್ಲ!”

“ಹೇಳ್ತಾಳಾ? ನನ್ನ ಮೇಲೆ ಹಾಕೋ ಜಾತಿಯವಳಲ್ಲ ಅವಳು. ಬೇರೆ ತುಂಡು ಸಾಕು ಅಂದಳು ಪಾಪ. ನಾನೇ ಇದು ನನ್ನ ತಮ್ಮನಿಗೇ ಇಟ್ಟಿರೋದು ಅಂತ ಬಲವಂತ ಮಾಡಿ ಕೊಟ್ಟೆ. ನಾನು ಕೊಟ್ಟೆ ಅನ್ನೋದು ನಿನಗೆ ನೋವಾಗುತ್ತಾ? ಅವರು ನನಗೂ ಅಪ್ಪನೇ ಕಣೋ!”

“ತಮ್ಮನಿಗೆ ಇಟ್ಟಿರೋದು ಅಂದರೆ?”

ಅಕ್ಕ ಕಾಗದದ ನಮೂನೆಯನ್ನು ಎತ್ತಿ, ಅಂಗಿ ಕೊಳ್ಳುವಾಗ ಅಳತೆ ಹಿಡಿಯುವ ಹಾಗೆ ನನ್ನ ಎದೆಗೆ ಹಿಡಿದಳು. ಎದೆಯ ಅಗಲ ಸರಿಯಾಗಿ ಕೂತಿತು. ಸೊಂಟ ಸೊಂಟದಲ್ಲೇ ಬಂತು. ಜೇಬಿನ ಗುರುತು ನನ್ನ ಎಡಗೈ ತಾನಾಗಿ ಇಳಿಯುವ ಕಡೆ ಇತ್ತು. ನಾನು ಎಡಚ.

ಕಾಗದದ ಅಂಚಿನಲ್ಲಿ ಪೆನ್ಸಿಲಿನ ಪುಟ್ಟ ಅಕ್ಷರಗಳು. “ಬಗ್ಗಿ ಕೆಲಸ, ಬೆನ್ನಿನ ಪಟ್ಟಿ ಎರಡು ಇಂಚು ಜಾಸ್ತಿ ಬಿಡಬೇಕು.” “ಎಡ ಭುಜ ಅರ್ಧ ಇಂಚು ಕೆಳಗೆ. ಪಟ್ಟಿ ಗಿಡ್ಡ ಮಾಡಬೇಕು, ಆಗ ಜಾರಲ್ಲ.”

ಏಳು ವರ್ಷದವನಿದ್ದಾಗ ಗೋಡೆಯಿಂದ ಬಿದ್ದು ಎಡ ಭುಜ ಸ್ವಲ್ಪ ಇಳಿದಿತ್ತು. ಅದು ಅಮ್ಮನಿಗೆ ಮಾತ್ರ ಗೊತ್ತಿತ್ತು. ಅಮ್ಮ ಹೋದ ಮೇಲೆ ಯಾರಿಗೂ ಗೊತ್ತಿರಲಿಲ್ಲ. ಒಂಬತ್ತು ವಾರ ಅವಳು ನನ್ನ ಹತ್ತಿರ ಟೇಪು ಹಿಡಿದು ಬಂದವಳೇ ಅಲ್ಲ. ಬರೀ ಹುಬ್ಬೇರಿಸಿ ನೋಡಿದ್ದಳು. ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ.

“ಟೀ ಕುಡಿ” ಎಂದಳು ಅಕ್ಕ. “ಮುಖ ನೋಡು, ಒದ್ದೆ ಹಸೀ ತೊಗಲಿನ ಹಾಗಾಗಿದೆ.”

ಎಲ್ಲರೂ ಹೋದ ಮೇಲೆ ತೂತುಗಳನ್ನು ನೋಡಿದೆ. ಬೆರಳಿನಿಂದ ಮುಟ್ಟುತ್ತಾ ಹೋದೆ. ಒಂದೂ ಒಳಗೆ ಇರಲಿಲ್ಲ. ಎಲ್ಲವೂ ನಮೂನೆಯ ಅಂಚಿನಿಂದ ಒಂದೇ ದೂರದಲ್ಲಿ, ಹೊಲಿಗೆಯ ಗೆರೆಯ ಮೇಲೆಯೇ ಇದ್ದವು. ಹೊಲಿಗೆಯ ತೂತು ಹೊಡೆಯುವ ಹಲ್ಲುಳಿ ತಂದು ಮೇಲಿಟ್ಟೆ. ಪ್ರತಿ ಆರನೆಯ ಹಲ್ಲು ಒಂದು ಸೂಜಿತೂತಿಗೆ ಹೋಗಿ ಸರಿಯಾಗಿ ಕೂತಿತು. ಹೇಗೂ ತೂತು ಬೀಳಲೇಬೇಕಾದ ಜಾಗ ಬಿಟ್ಟು ಬೇರೆಲ್ಲೂ ಅವಳು ಚುಚ್ಚಿರಲಿಲ್ಲ. ಮೂರು ಬಿರುಕುಗಳೂ ನಮೂನೆಯ ಹೊರಗೆ ಉಳಿಯುವಂತೆ ಕಾಗದವನ್ನು ವಾರೆಯಾಗಿ ಇಟ್ಟಿದ್ದಳು. ನಾನು ಎಂಟು ವರ್ಷ ಬಿಚ್ಚಿಯೂ ನೋಡದಿದ್ದ ಚರ್ಮವನ್ನು ಅವಳು ಅರ್ಧ ಗಂಟೆಯಲ್ಲಿ ಪೂರ್ತಿ ಓದಿದ್ದಳು.

ಮಾರನೆಯ ದಿನ ಬೆಳಿಗ್ಗೆ ಚರ್ಮಕ್ಕೆ ಎಣ್ಣೆ ಉಜ್ಜಿದೆ. ಮಂಗಳವಾರ ಕತ್ತರಿಸಿದೆ. ಮೂರು ದಿನ ಬೇರೆ ಆರ್ಡರು ಮುಟ್ಟದೆ ಅವಳ ತೂತುಗಳ ಗುಂಟ ಹೊಲಿದೆ. ಶುಕ್ರವಾರ ಮಧ್ಯಾಹ್ನ ಆ ಹೊಸ ಏಪ್ರನ್ ಹಾಕಿಕೊಂಡೇ ಎರಡು ಬೀದಿ ನಡೆದೆ. ಎಡಪಟ್ಟಿ ಯಾಕೋ ಮೊದಲಿಗಿಂತ ಜಾಸ್ತಿ ಜಾರುತ್ತಿತ್ತು. ಹೊಸದಲ್ಲವೇ, ಪಳಗಬೇಕು ಎಂದುಕೊಂಡೆ.

ಅವಳ ಅಂಗಡಿ ಉದ್ದಕ್ಕೆ ರೈಲು ಡಬ್ಬಿಯಂತಿತ್ತು. ಎರಡು ಮೆಷಿನ್ನು, ಒಂದು ಇಸ್ತ್ರಿ ಮೇಜು, ಗೋಡೆಯ ಕೊಕ್ಕೆಗಳಲ್ಲಿ ಊರಿನವರ ಕಾಗದದ ಮೈಗಳು ನೇತಾಡುತ್ತಿದ್ದವು. ಬಾಗಿಲ ಹತ್ತಿರ ಕುರ್ಚಿಯಲ್ಲಿ ಕೂತ ವಯಸ್ಸಾದ ಹೆಂಗಸೊಬ್ಬರು ಗುಂಡಿ ಹೊಲಿಯುತ್ತಿದ್ದರು. ಆಕೆ ಅವಳ ಚಿಕ್ಕಮ್ಮ ಎಂದು ಆಮೇಲೆ ತಿಳಿಯಿತು.

“ಯಾರೇ ಇದು, ಕುದುರೆ ಜೀನು ಹಾಕ್ಕೊಂಡು ಬಂದಿರೋದು?” ಎಂದರು ಆಕೆ.

“ಕೂಗೋ ಮೇಷ್ಟ್ರು, ಚಿಕ್ಕಮ್ಮ” ಎಂದಳು ಅವಳು, ಮೆಷಿನ್ನಿನಿಂದ ತಲೆಯೆತ್ತದೆ. ತುಟಿಯಲ್ಲಿ ಮೂರು ಸೂಜಿಗಳಿದ್ದವು.

“ಕ್ಷಮೆ ಕೇಳೋಣ ಅಂತ ಬಂದೆ” ಎಂದೆ.

“ಕೇಳಿ.”

“ಕೇಳಿದೆನಲ್ಲ.”

“ಬಂದೆ ಅಂದಿರಿ. ಇನ್ನೂ ಕೇಳಿಲ್ಲ.”

“ತಪ್ಪಾಯ್ತು. ಅಕ್ಕ ಕೊಟ್ಟಿದ್ದು ಅಂತ ಗೊತ್ತಾಯ್ತು. ತೂತುಗಳನ್ನೂ ನೋಡಿದೆ. ಅಷ್ಟು ಜನರ ಎದುರಿಗೆ ಹೊರಗೆ ಹೋಗಿ ಅಂದೆನಲ್ಲ, ಅದನ್ನ ನೆನೆಸಿಕೊಂಡರೆ ಊಟ ಸೇರ್ತಿಲ್ಲ.”

ಮೆಷಿನ್ನು ನಿಂತಿತು. ಅವಳು ತಲೆಯೆತ್ತಿದಳು. ಕಣ್ಣು ಎಡ ಭುಜಕ್ಕೆ ಬಂತು, ಬಲಕ್ಕೆ ಹೋಯಿತು, ಮತ್ತೆ ಎಡಕ್ಕೆ ಬಂತು. ಹುಬ್ಬು ಏರಿತು. ಆ ಹುಬ್ಬನ್ನು ಅಷ್ಟು ದಿನ ನಾನು ಹೇಗೆ ದ್ವೇಷಿಸಿದ್ದೆನೋ!

“ಎಡಪಟ್ಟಿ ಯಾಕೆ ಉದ್ದ ಇದೆ?”

“ನೀವು ಬರೆದ ಹಾಗೇ ಹೊಲಿದಿದ್ದೀನಿ. ಗಿಡ್ಡದ್ದು ಎಡಕ್ಕೆ.”

“ಎಲ್ಲಿದೆ ಎಡಕ್ಕೆ? ಬಲಕ್ಕಿದೆ!”

ಬಗ್ಗಿ ನೋಡಿಕೊಂಡೆ. ಬಲಕ್ಕೇ ಇತ್ತು. “ಮೇಜಿನ ಮೇಲೆ ಎದುರಿಗಿಟ್ಟು ನೋಡಿದಾಗ ಎಡಕ್ಕೇ ಇತ್ತು” ಎಂದೆ.

“ಎಡ ಅಂದರೆ ಹಾಕ್ಕೊಳ್ಳೋರ ಎಡ! ನೋಡೋರ ಎಡ ಅಲ್ಲ!” ಈಗ ಕೂಗುವ ಸರದಿ ಅವಳದು.

“ನಾನು ಬ್ಯಾಗು ಮಾಡೋನು ಕಣ್ರೀ. ಬ್ಯಾಗಿಗೆ ಭುಜ ಇರಲ್ಲ. ಯಾವಾಗಲೂ ಎದುರಿಂದಾನೇ ನೋಡಿ ಹೊಲಿಯೋದು.”

“ನೀವು ಬ್ಯಾಗಾ?”

ಚಿಕ್ಕಮ್ಮ ಗುಂಡಿ ಕೆಳಗೆ ಬೀಳಿಸಿಕೊಂಡು ನಕ್ಕರು. ನಾನು ಗುಂಡಿ ಎತ್ತಿಕೊಟ್ಟೆ. ಆಕೆ ನಕ್ಕದ್ದರಿಂದಲೋ ಏನೋ ಸ್ವಲ್ಪ ಧೈರ್ಯ ಬಂತು.

“ನೀವು ನನ್ನ ನೋಡಿ ಮೂಗು ಮುರೀತಿದ್ದೀರಿ ಅಂದ್ಕೊಂಡಿದ್ದೆ.”

“ಮುರೀತಾನೂ ಇದ್ದೆ.”

“ಅಳೀತಾನೂ ಇದ್ರಿ.”

“ಅದೇನು ದೊಡ್ಡ ವಿಷಯ? ಟೈಲರ್ ಕಣ್ಣು. ಯಾರು ಎದುರಿಗೆ ನಿಂತರೂ ಅಳೆಯುತ್ತೆ.”

“ಹೌದಾ? ಡಾಕ್ಟರ ಭುಜ ಎಷ್ಟು?”

ಮೆಷಿನ್ನಿನ ಕೆಳಗಿದ್ದ ಬಟ್ಟೆಯ ಸುಕ್ಕು ತೀಡಿದಳು.

“ಡ್ರೈವರದ್ದು? ಪೂರ್ತಿ ಬೇಡ, ಕತ್ತು ಎಷ್ಟು ಹೇಳಿ ಸಾಕು.”

ಸೀಮೆಸುಣ್ಣದ ತುಂಡೊಂದನ್ನು ಎತ್ತಿ, ಅದೇ ಜಾಗದಲ್ಲಿ ಮತ್ತೆ ಇಟ್ಟಳು. ಕಿವಿಯ ತುದಿಗಳು ಕೆಂಪಾದವು. “ಗಮನಿಸಿಲ್ಲ” ಎಂದಳು.

“ನನ್ನದು?”

“ಹದಿನೈದೂವರೆ.” ಆಮೇಲೆ, “ಕೋಪ ಬಂದಾಗ ಹದಿನಾರು” ಎಂದಳು.

ಚಿಕ್ಕಮ್ಮನ ಸೂಜಿ ಗಾಳಿಯಲ್ಲೇ ನಿಂತಿತ್ತು. ಆಕೆ ನನ್ನನ್ನೂ ಅವಳನ್ನೂ ನೋಡಿ, “ನನಗೆ ಕಿವಿ ಅಷ್ಟಾಗಿ ಕೇಳಲ್ಲ, ನೀವು ಜಗಳ ಆಡ್ಕೊಳ್ಳಿ” ಎಂದರು.

“ನಾಡಿದ್ದು ಹತ್ತನೇ ಕ್ಲಾಸು” ಎಂದೆ.

“ಲೆಕ್ಕ ನನಗೂ ಬರುತ್ತೆ.”

“ಆಮೇಲೆ ಹನ್ನೊಂದನೆಯದು ಇಡೋಣ ಅಂತಿದ್ದೀನಿ. ಹನ್ನೆರಡನೆಯದೂ. ಸುಮ್ಮನೆ ಇಟ್ಟುಕೊಂಡೇ ಹೋಗೋಣ ಅಂತ.”

“ಯಾರಿಗೆ?”

“ಒಬ್ಬರಿಗೇ. ತಪ್ಪು ಮಾಡೋಕೆ ಜಾಗ ಬೇಕು ಅಂದಿದ್ದರಲ್ಲ, ಅವರಿಗೆ.”

ಅವಳು ಎದ್ದು ನಿಂತಳು. ಕೊರಳಿನ ಟೇಪು ಸರಿಮಾಡಿಕೊಂಡಳು. ಒಂದು ಹೆಜ್ಜೆ ಹತ್ತಿರ ಬಂದಳು.

“ಕೂಗ್ತೀರಾ?”

“ಕೂಗ್ತೀನಿ. ಸುಳ್ಳು ಹೇಳಲ್ಲ. ಆದರೆ ಹೊರಗೆ ಹೋಗಿ ಅಂತ ಇನ್ನು ಯಾವತ್ತೂ ಅನ್ನಲ್ಲ. ನೀವಿಲ್ಲದಿದ್ದರೆ ಕೂಗೋಕೂ ಮನಸ್ಸು ಬರಲ್ಲ ಅಂತ ಈ ವಾರ ಗೊತ್ತಾಯ್ತು.”

“ನೆಟ್ಟಗೆ ಹೇಳೋಕೆ ಬರಲ್ವಾ ನಿಮಗೆ?”

“ನಿಮಗೆ ಬರುತ್ತಾ? ನೀವೂ ಕಾಗದದ ಅಂಚಲ್ಲಿ ತಾನೆ ಬರೆದಿದ್ದು.”

ಅವಳು ನಗು ತಡೆದುಕೊಂಡಳು. ಸೂಜಿ ಕಚ್ಚಿಕೊಂಡ ಬಾಯಲ್ಲಿ ನಗು ತಡೆಯುವುದು ಎಷ್ಟು ಕಷ್ಟವೆಂದು ಅವತ್ತು ನೋಡಿದೆ. ಸೂಜಿಯ ತಲೆಗಳು ಮೂರೂ ನಡುಗುತ್ತಿದ್ದವು.

“ಪಟ್ಟಿ ಎರಡೂ ಬಿಚ್ಚಿ ಅದಲುಬದಲು ಮಾಡಬೇಕು” ಎಂದಳು.

“ಬಿಚ್ಚಿದರೆ ಹಳೇ ತೂತು ಕಾಣುತ್ತೆ.”

“ಕಾಣಲಿ ಬಿಡಿ. ಯಾರು ನೋಡ್ತಾರೆ, ನಾನು ತಾನೆ? ನೆಟ್ಟಗೆ ನಿಂತ್ಕೊಳ್ಳಿ, ಮೇಷ್ಟ್ರೇ. ಭುಜ ಏರಿಸಬೇಡಿ. ಇರೋ ಹಾಗೇ ಇರಲಿ.”

ಎಡಪಟ್ಟಿಯನ್ನು ಭುಜದ ಮೇಲೆ ಎಳೆದು ಕೂರಿಸಿದಳು. ತುಟಿಯಿಂದ ಒಂದು ಸೂಜಿ ತೆಗೆದು ಪಟ್ಟಿಯ ಮೇಲಿಟ್ಟಳು. ಹೊಲಿಗೆಯ ಗೆರೆಯ ಮೇಲಲ್ಲ. ಪಟ್ಟಿಯ ನಟ್ಟನಡುವೆ, ಯಾವ ಹೊಲಿಗೆಯೂ ಎಂದೂ ಬಾರದ ಜಾಗದಲ್ಲಿ. ಇಟ್ಟವಳು ನನ್ನ ಮುಖವನ್ನೇ ನೋಡುತ್ತಾ, ಹೊಲಿಯುವಾಗ ಬೆರಳಿಗೆ ಹಾಕಿಕೊಳ್ಳುವ ಹಿತ್ತಾಳೆ ಟೊಪ್ಪಿಗೆಯಿಂದ ಮೆಲ್ಲಗೆ ಒತ್ತಿದಳು. ಸೂಜಿ ಅಪ್ಪನ ಚರ್ಮ ದಾಟಿತು, ಅಂಗಿ ದಾಟಿತು, ಸೊಳ್ಳೆ ಕಚ್ಚಿದಷ್ಟು ಭುಜಕ್ಕೂ ತಾಗಿತು.

ನಾನು ಕೂಗಲಿಲ್ಲ.